ಬುಧವಾರದ ಪುಂಡಿಪಲ್ಯ

ಬಸಗೊಂಡಪ್ಪನ ಫಜೀತಿಗೆಲ್ಲ ಮೂಲ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಹೋದ ಬುಧವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಗೇಟಿನಿಂದ ಕರೆ ಬಂತು. ಲಾರಿ ನಿಂತಿದೆ, ಚೀಟಿ ಬರೆದುಕೊಡಿ ಅಂತ. ಹೋಗಿ ಚೀಟಿ ಬರೆದು ಬರುವಷ್ಟರಲ್ಲಿ ಅವನ ಡಬ್ಬಿಯ ಪುಂಡಿಪಲ್ಯ ಖಾಲಿಯಾಗಿತ್ತು. ಹೋಗಲಿ ಅಂದರೆ, ಮುಚ್ಚಳಕ್ಕೆ ಮೆತ್ತಿಕೊಂಡದ್ದಾದರೂ ಒಂದು ತುತ್ತಿಗೆ ಆಗುತ್ತಿತ್ತು. ಅದನ್ನೂ ಗೊಲ್ಲಾಳಪ್ಪ ರೊಟ್ಟಿಯ ಕೊನೆಯ ಚೂರಿನಿಂದ ಒರೆಸಿ ಬಾಯಿಗಿಟ್ಟುಕೊಂಡು, ಇನ್ನೇನಾದರೂ ಉಳಿದಿದೆಯೇ ಎಂದು ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ವೈನಿ ಕೈ ಅಂದ್ರ ಕೈ ನೋಡ್ರಿ ಅಣ್ಣಾರ," ಅಂದ. ಬಸಗೊಂಡಪ್ಪನ ಹೆಂಡತಿ ಅವನಿಗೆ ವೈನಿ, ಅಂದರೆ ಅತ್ತಿಗೆ.

ಟಿಕೋಟಾದ ಹೊರಗೆ ಇರುವ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಬಸಗೊಂಡಪ್ಪ ಗುಮಾಸ್ತ. ಗೊಲ್ಲಾಳಪ್ಪ ಅಲ್ಲಿಯೇ ತೂಕದ ಕಾಟಾ ನೋಡಿಕೊಳ್ಳುವವನು. ಬಿಜ್ಜರಗಿಯಿಂದ ದಿನವೂ ಬರುವ ಈ ಮನುಷ್ಯ ಹದಿನೈದು ಕಿಲೋ ಬಾಕ್ಸನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ಊಟಕ್ಕೂ ಅದೇ ಕೈ.

ಅಲ್ಲಿ ಒಂದು ಪದ್ಧತಿ. ಒಂದೂವರೆಗೆ ಆಫೀಸಿನ ಹಿಂದಿನ ಬೇವಿನ ಗಿಡದ ಕೆಳಗೆ ತಾಡಪತ್ರಿ ಹಾಸಿ ಎಂಟು ಜನ ದುಂಡಗೆ ಕೂರುತ್ತಾರೆ. ಡಬ್ಬಿಗಳೆಲ್ಲ ನಡುವೆ. ಒಮ್ಮೆ ಮುಚ್ಚಳ ತೆಗೆದರೆಂದರೆ ಯಾವ ಡಬ್ಬಿ ಯಾರ ಮನೆಯದು ಅನ್ನುವ ಮಾತಿಲ್ಲ, ಕೈ ಹೋದಲ್ಲಿ ಊಟ. ನನ್ನ ಡಬ್ಬಿ ನಾನೇ ತಿನ್ನುತ್ತೇನೆ ಅನ್ನುವಂತಿಲ್ಲ. ಬಹಳ ಹಿಂದೆ ಒಬ್ಬ ಅಕೌಂಟೆಂಟ್ ಗೋಡೆಯ ಕಡೆ ಮುಖ ಮಾಡಿ ಕೂತು ತನ್ನ ಡಬ್ಬಿ ತಾನೇ ತಿಂದಿದ್ದ. ಆತ ನೌಕರಿ ಬಿಟ್ಟು, ಬೇರೆ ಊರು ಸೇರಿ, ಮೊಮ್ಮಕ್ಕಳನ್ನೂ ಕಂಡಿದ್ದಾನೆ. ಇಲ್ಲಿ ಮಾತ್ರ ಅವನ ಹೆಸರು ಈಗಲೂ ‘ಗ್ವಾಡಿ ಸಾಹೇಬ’. ಇಂಥ ಹೆಸರು ಹೊತ್ತುಕೊಳ್ಳುವ ಧೈರ್ಯ ಬಸಗೊಂಡಪ್ಪನಿಗೆ ಇರಲಿಲ್ಲ.

ಹಾಗಾದರೆ ಮನೆಯಲ್ಲೇ ತಿನ್ನಬಹುದಲ್ಲ ಅನ್ನುತ್ತೀರಿ. ಅದೂ ಆಗುವಂತಿರಲಿಲ್ಲ. ಹೆಂಡತಿ ವಿದ್ಯಾವತಿ ಪುಂಡಿಪಲ್ಯ ಮಾಡುವುದು ವಾರಕ್ಕೊಮ್ಮೆ, ಮಂಗಳವಾರ ಸಂಜೆ. ಎಳೆಯ ಪುಂಡಿ ಎಲೆ, ಜೋಳದ ನುಚ್ಚು, ತೊಗರಿಬೇಳೆ, ಹಸಿಮೆಣಸಿನಕಾಯಿ, ಮೇಲೆ ಕೈತುಂಬ ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ. ಅವತ್ತು ಅದನ್ನು ಯಾರಿಗೂ ಮುಟ್ಟಗೊಡುವುದಿಲ್ಲ. ಒಂದು ರಾತ್ರಿ ಕೂತ ಮೇಲೆಯೇ ಹುಳಿ, ಖಾರ, ಉಪ್ಪು ಒಂದಕ್ಕೊಂದು ಹೊಂದುತ್ತವೆ ಅನ್ನುವುದು ಅವಳ ಲೆಕ್ಕ. ಬುಧವಾರ ಬೆಳಿಗ್ಗೆ ಅಷ್ಟನ್ನೂ ಡಬ್ಬಿಗೆ ತುಂಬಿ ಆಫೀಸಿಗೆ ಕಳಿಸಿಬಿಡುತ್ತಾಳೆ. ಒಂದು ಬಟ್ಟಲು ಮನೆಯಲ್ಲಿ ಇಡು ಅಂತ ಅವನು ಒಮ್ಮೆ ಕೇಳಿ ನೋಡಿದ್ದ.

"ಹೊಗಳೋರು ತಿನ್ನಲಿ ಬಿಡ್ರಿ," ಅಂದಿದ್ದಳು ವಿದ್ಯಾವತಿ. "ನೀವು ಇಪ್ಪತ್ತ್ ವರ್ಷದಾಗ ಒಮ್ಮೆರ ಚಲೋ ಆಗೈತಿ ಅಂದೀರೇನು?"

ಅವನು ಅಂದಿರಲಿಲ್ಲ, ನಿಜ. ಹೆಂಡತಿಯ ಎದುರು ಅಡುಗೆ ಹೊಗಳುವುದೆಂದರೆ ಅವನಿಗೆ ನಾಚಿಕೆ. ಅವಳಿಗೆ ರೊಟ್ಟಿ-ಪಲ್ಯ ಮಾಡಿ ನಾಲ್ಕು ಆಫೀಸಿಗೆ ಬುತ್ತಿ ಕಳಿಸಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಅದಕ್ಕೂ ಅವನು ಬರುವ ವರ್ಷ ನೋಡೋಣ ಅನ್ನುತ್ತಲೇ ಬಂದಿದ್ದ. ಆದರೆ ಆ ಪಲ್ಯದ ಮೇಲೆ ಅವನ ಜೀವವೇ ಇತ್ತು. ಒಂದು ಸಲ, ಒಂದೇ ಒಂದು ಸಲ, ಕಟಕ ರೊಟ್ಟಿ ಮುರಿದುಕೊಂಡು ಆ ಡಬ್ಬಿ ತಳ ಕಾಣುವತನಕ ಒಬ್ಬನೇ ತಿನ್ನಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಈ ಬುಧವಾರ ಬೆಳಿಗ್ಗೆ ಇಬ್ರಾಹಿಂಪುರದ ಮನೆಯಿಂದ ಹೊರಟು, ಟಿಕೋಟಾ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಅವನಿಗೆ ದಾರಿ ಸಿಕ್ಕಿತು. ಪಕ್ಕದ ಸೀಟಿನಲ್ಲಿ ಯಾರೋ ಬಿಟ್ಟುಹೋದ ಪೇಪರಿನ ಪುರವಣಿ. ಅದರಲ್ಲಿ ತಪ್ಪಲುಪಲ್ಯಗಳ, ಅಂದರೆ ಸೊಪ್ಪುಗಳ ಪಟ್ಟಿ. ಯಾವುದರಲ್ಲಿ ಕಬ್ಬಿಣ ಎಷ್ಟು, ಸುಣ್ಣದ ಅಂಶ ಎಷ್ಟು, ಯಾರಿಗೆ ಒಳ್ಳೆಯದು, ಹೇಗೆ ಬೇಯಿಸಬೇಕು, ಎಲ್ಲ ಸಾಲುಸಾಲಾಗಿ ಇತ್ತು. ಪುಂಡಿಯ ಸಾಲಿನ ಕೊನೆಯಲ್ಲಿ ‘ಆಕ್ಸಲೇಟ್ ಇದೆ, ಕಿಡ್ನಿಯಲ್ಲಿ ಹರಳಿದ್ದವರು ಡಾಕ್ಟರನ್ನು ಕೇಳಿ’ ಅಂತ ಬರೆದಿತ್ತು. ಆಕ್ಸಲೇಟ್ ಅಂದರೆ ಏನು ಅಂತ ಅವನಿಗೆ ಗೊತ್ತಿರಲಿಲ್ಲ. ಆದರೆ ಹೆಸರು ಹೆದರಿಸುವ ಹಾಗಿತ್ತು, ಅವನಿಗೆ ಅಷ್ಟೇ ಸಾಕಾಯಿತು.

ಆಫೀಸು ಮುಟ್ಟಿದವನೇ ದ್ರಾಕ್ಷಿ ಬಾಕ್ಸಿನ ಒಂದು ರಟ್ಟು ಹರಿದು, ಸ್ಕೆಚ್ ಪೆನ್ನಿನಿಂದ ದೊಡ್ಡ ಅಕ್ಷರಗಳಲ್ಲಿ ಬರೆಯತೊಡಗಿದ. ಮೆಂತ್ಯ: ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು, ಬೇಳೆ ಹಾಕಿ ಮುದ್ದಿಪಲ್ಯ ಮಾಡಬೇಕು, ಎಳೆಯದಿದ್ದರೆ ಹಸಿಯಾಗಿ ರೊಟ್ಟಿಯ ಜೊತೆ. ಸಬ್ಬಸಗಿ: ಬಾಣಂತಿಯರಿಗೆ, ಹೆಸರುಬೇಳೆಯ ಜೊತೆ. ರಾಜಗಿರಿ: ಎಲುಬಿಗೆ ಬಲ. ನುಗ್ಗೆ ತಪ್ಪಲು: ರಕ್ತ ಕಡಿಮೆ ಇದ್ದವರಿಗೆ. ಹಕ್ಕರಕಿ: ಬೇಯಿಸಬಾರದು, ತೊಳೆದು ಶೇಂಗಾ ಚಟ್ನಿಪುಡಿಯ ಜೊತೆ ಹಾಗೆಯೇ ತಿನ್ನಬೇಕು. ಪಾಲಕ್: ಕಬ್ಬಿಣ, ಕಣ್ಣಿಗೂ ತಂಪು. ಇಷ್ಟೂ ಪುರವಣಿ ನೋಡಿಯೇ ಬರೆದ. ಪುಂಡಿಯ ಎದುರು ಮಾತ್ರ ತನ್ನ ಸ್ವಂತದ್ದು ಬರೆದ: ‘ಆಕ್ಸಲೇಟ್ ಇದೆ. ಮಂಡಿ ಹಿಡಿಯುತ್ತದೆ. ನಡ ಹಿಡಿಯುತ್ತದೆ. ಐವತ್ತರೊಳಗೆ ಕೈಗೆ ಕೋಲು ಬರುತ್ತದೆ.’ ರಟ್ಟನ್ನು ಕುಡಿಯುವ ನೀರಿನ ಕ್ಯಾನಿನ ಮೇಲೆ ತೂಗುಹಾಕಿ, ಏನೂ ಅರಿಯದವನಂತೆ ಕುರ್ಚಿಯಲ್ಲಿ ಕೂತ.

ಮೊದಲು ಓದಿದವನು ಗೊಲ್ಲಾಳಪ್ಪ. ಓದುತ್ತ ಓದುತ್ತ ಅವನ ಕೈ ತಾನಾಗಿ ಮಂಡಿಗೆ ಹೋಯಿತು. ವಾರದಿಂದ ಬಲಗಾಲು ಯಾಕೋ ಹಿಡಿದ ಹಾಗೆ ಆಗಿತ್ತಂತೆ, ಕಾರಣ ಇವತ್ತು ತಿಳಿಯಿತಂತೆ. ಆಮೇಲೆ ಕಂಪ್ಯೂಟರ್ ನೋಡುವ ಹುಡುಗಿ ಶಾಹೀನ ಬಂದಳು. ಅವಳು ಏನನ್ನೂ ಪ್ರಶ್ನೆ ಕೇಳದೆ ಬಿಡುವವಳಲ್ಲ. ಮೆಂತ್ಯ ಕಹಿ ಹೋಗಲು ಏನು ಮಾಡಬೇಕು, ನುಗ್ಗೆ ತಪ್ಪಲು ಎಷ್ಟು ಹೊತ್ತು ಬೇಯಬೇಕು, ಎಲ್ಲ ಕೇಳಿದಳು. ಬಸಗೊಂಡಪ್ಪ ಎಲ್ಲಕ್ಕೂ ಉತ್ತರ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ತಾನು ದೊಡ್ಡ ತಜ್ಞ ಅನ್ನಿಸತೊಡಗಿತು. ಕೊನೆಗೆ ಅವಳು ಮೊಬೈಲಿನಲ್ಲಿ ರಟ್ಟಿನ ಫೋಟೋ ಹೊಡೆದುಕೊಂಡಳು.

ಅಲ್ಲೇ ಎಡವಟ್ಟಾಯಿತು. ಶಾಹೀನ ಫೋಟೋವನ್ನು ಆಫೀಸಿನ ಗ್ರೂಪಿಗೆ ಹಾಕಿದಳು. ಮ್ಯಾನೇಜರ್ ನಿರ್ಮಲಾ ಮೇಡಂ ನೋಡಿ, ಒಳ್ಳೆಯ ಮಾಹಿತಿ ಅಂತ ಟಿಕೋಟಾದ ಮಹಿಳಾ ಸಂಘದ ಗ್ರೂಪಿಗೆ ದಾಟಿಸಿದರು. ಸಂಘದವರು ಅತ್ತೆ, ನಾದಿನಿ, ಬೀಗತಿಯರಿಗೆಲ್ಲ ಕಳಿಸಿದರು. ಹನ್ನೆರಡರ ಹೊತ್ತಿಗೆ ಬಬಲೇಶ್ವರದಿಂದ ಯಾರೋ ಮೇಡಂಗೆ ಫೋನ್ ಮಾಡಿ, ಪುಂಡಿಪಲ್ಯ ತಿಂದು ಎರಡು ತಾಸಾಯಿತು, ಈಗ ಏನು ಮಾಡಬೇಕು ಅಂತ ಕೇಳಿದರು. ಮೇಡಂ ಬಸಗೊಂಡಪ್ಪನನ್ನು ಕರೆದು ಕೇಳಿದರು. ಅವನು ಗಂಟಲು ಸರಿಮಾಡಿಕೊಂಡು, ಎರಡು ಲೋಟ ಮಜ್ಜಿಗೆ ಕುಡಿದು ಸ್ವಲ್ಪ ಓಡಾಡಲಿ ಅಂದ. ಒಂದೂವರೆಗೆ ಇನ್ನೆಷ್ಟು ಹೊತ್ತು, ಅಷ್ಟರತನಕ ತಡೆದರಾಯಿತು ಅಂದುಕೊಂಡ.

ಒಂದೂವರೆ ಆಯಿತು. ತಾಡಪತ್ರಿ ಹಾಸಿದರು, ಡಬ್ಬಿಗಳು ನಡುವೆ ಬಂದವು. ಬಸಗೊಂಡಪ್ಪ ತನ್ನ ಡಬ್ಬಿಯ ಮುಚ್ಚಳ ತೆಗೆದ. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೇವಿನ ಗಿಡದ ಕೆಳಗೆಲ್ಲ ಹರಡಿತು. ಸುತ್ತಲಿನ ಏಳು ಮೂಗು ಅರಳಿದವು, ಆದರೆ ಒಂದು ಕೈಯೂ ಮುಂದೆ ಬರಲಿಲ್ಲ. ಡಬ್ಬಿಯೊಳಗೆ ಚೇಳು ಕೂತಿದೆಯೇನೋ ಅನ್ನುವಂತೆ ಎಲ್ಲರೂ ಅಂಗೈ ಹಿಂದಕ್ಕೆ ಎಳೆದುಕೊಂಡು ಕೂತರು. ಗೊಲ್ಲಾಳಪ್ಪನಂತೂ ಆಸೆ ತಡೆಯಲಾಗದೆ ಮುಖವನ್ನೇ ಆಚೆ ತಿರುಗಿಸಿದ. ಬಸಗೊಂಡಪ್ಪ ನಿಧಾನವಾಗಿ ರೊಟ್ಟಿ ಮುರಿದ. ಒಂದು ದೊಡ್ಡ ತುತ್ತು ಪಲ್ಯ ಹಚ್ಚಿಕೊಂಡ. ಬಾಯಿ ತೆರೆದ.

"ಬಸಗೊಂಡಪ್ಪ ಸಾಹೇಬ್ರು ಅಂದ್ರ ಯಾರು ಇಲ್ಲಿ?"

ತಲೆಯ ಮೇಲೆ ಬುಟ್ಟಿ ಹೊತ್ತು ಮದೀನಾಬಿ ನಿಂತಿದ್ದಳು. ಟಿಕೋಟಾ ಬಸ್ ನಿಲ್ದಾಣದ ಹತ್ತಿರ ನಲವತ್ತು ವರ್ಷದಿಂದ ತಪ್ಪಲು ಮಾರುವ ಮುದುಕಿ. ಬೆಳಿಗ್ಗೆ ಎರಡು ಬುಟ್ಟಿ ಎಳೆಯ ಪುಂಡಿ ತಂದು ಕೂತಿದ್ದಳಂತೆ. ಹತ್ತು ಗಂಟೆಯತನಕ ಎಲ್ಲ ಸರಿಯಿತ್ತು. ಆಮೇಲೆ ಬಂದ ಹೆಂಗಸರೆಲ್ಲ ಪುಂಡಿ ನೋಡುವುದು, ಮೊಬೈಲ್ ನೋಡುವುದು, ಪಾಲಕ್ ತೆಗೆದುಕೊಂಡು ಹೋಗುವುದು. ಒಂದು ಕಟ್ಟೂ ಹೋಗಲಿಲ್ಲ. ಎಲೆ ಬಾಡತೊಡಗಿದಾಗ ಒಬ್ಬಳಿಂದ ಮೊಬೈಲ್ ಕಸಿದುಕೊಂಡು ಓದಿಸಿ, ಬರೆದವರ ಹೆಸರು, ಆಫೀಸು ಕೇಳಿಕೊಂಡು ನೇರ ಇಲ್ಲಿಗೆ ಬಂದಿದ್ದಳು.

ಬುಟ್ಟಿ ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಎದುರು ಕುಕ್ಕರುಗಾಲಲ್ಲಿ ಕೂತಳು. ಕೂತವಳು ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಹೀಗೆ ಹತ್ತು ಸಲ. ಶಾಹೀನ ಬಾಯಿಬಿಟ್ಟು ಎಣಿಸಿದಳು.

"ನನಗ ಈಗ ಎಪ್ಪತ್ತು ನಡದೈತಿ. ಹುಟ್ಟಿದಾಗಿಂದ ಪುಂಡಿಪಲ್ಲೆ ತಿಂದೇನಿ. ನಿಮ್ಮ ಮಂಡಿ ಹಿಂಗ ಮಾಡಿ ತೋರಿಸ್ರಿ ನೋಡೂಣು," ಅಂದಳು. ಆಮೇಲೆ ಅವನ ಕೈಯಲ್ಲಿದ್ದ ತುತ್ತನ್ನು ನೋಡಿದಳು. "ಅಲ್ರಿ ಸಾಹೇಬ್ರ, ಊರಿಗೆಲ್ಲ ಬ್ಯಾಡ ಅಂತ ಬರ್ದು ನೀವ್ಯಾಕ ತಿನ್ನಾಕತ್ತೀರಿ?"

ಎಲ್ಲರ ಕಣ್ಣೂ ತುತ್ತಿನ ಮೇಲೆ ಬಂತು. ನಿರ್ಮಲಾ ಮೇಡಂ ಕನ್ನಡಕ ಸರಿಮಾಡಿಕೊಂಡರು. ಗೊಲ್ಲಾಳಪ್ಪನ ಹಣೆಯ ಮೇಲೆ ನಿಧಾನವಾಗಿ ಒಂದು ಗೆರೆ ಮೂಡತೊಡಗಿತು. ಇನ್ನೊಂದು ಕ್ಷಣ ಬಿಟ್ಟರೆ ನಿಜ ಅವನಿಗೆ ಹೊಳೆದುಬಿಡುತ್ತಿತ್ತು. ಆಮೇಲೆ ಜೀವಮಾನವಿಡೀ ಎರಡನೆಯ ಗ್ವಾಡಿ ಸಾಹೇಬ. ಬಸಗೊಂಡಪ್ಪನ ಬಾಯಿಂದ ತಾನಾಗಿ ಮಾತು ಬಂತು.

"ನನಗ ಕಿಡ್ನ್ಯಾಗ ಹರಳಾಗ್ಯಾವ್ರಿ," ಅಂದ. "ಡಾಕ್ಟ್ರು ಪುಂಡಿ ಮುಟ್ಟಬ್ಯಾಡ ಅಂದಾರ. ಹರಳಿದ್ದವರಿಗಷ್ಟ ಅಂತ ಬರಿಯೋದು ಮರ್ತು ಹೋಯ್ತು. ಮನ್ಯಾಗ ಆಕಿಗೆ ಹೇಳಿಲ್ಲ, ಹೇಳಿದ್ರ ನೊಂದ್ಕೋತಾಳ. ಆಕಿ ಪ್ರೀತಿಯಿಂದ ಕಟ್ಟಿ ಕೊಡ್ತಾಳ, ಒಗ್ಯಾಕ ಮನಸ್ಸು ಬರಂಗಿಲ್ಲ. ಅದಕ್ಕ ನೋವು ನುಂಗ್ಕೊಂಡು ತಿಂತೀನ್ರಿ."

ಮದೀನಾಬಿಯ ಸಿಟ್ಟು ಇಳಿದುಹೋಯಿತು. ಯಪ್ಪಾ, ಮೊದಲೇ ಹೇಳಬಾರದೇನು ಅಂತ ಅವನ ತಲೆ ಸವರಿದಳು. ನಿರ್ಮಲಾ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಹೆಂಡತಿಯ ಮೇಲೆ ಇಷ್ಟು ಪ್ರೀತಿ ಇರುವ ಗಂಡಸನ್ನು ತಾವು ನೋಡಿಯೇ ಇಲ್ಲ ಅಂದರು. ಗೊಲ್ಲಾಳಪ್ಪ ಬಗ್ಗಿ, ಬಸಗೊಂಡಪ್ಪನ ಬೆರಳಿನ ನಡುವಿದ್ದ ತುತ್ತನ್ನು ಮೆಲ್ಲಗೆ ಬಿಡಿಸಿಕೊಂಡ.

"ನಾವಿರೂತನಕ ನಿಮಗ ಈ ವಿಷ ತಿನ್ನಾಕ ಬಿಡಂಗಿಲ್ರಿ ಅಣ್ಣಾರ," ಅಂದು ಅದನ್ನು ತನ್ನ ಬಾಯಿಗೆ ಇಟ್ಟುಕೊಂಡ.

ಆಮೇಲೆ ಎಲ್ಲರೂ ಸೇರಿ ಅವನ ಪ್ರಾಣ ಉಳಿಸಿದರು. ನಾಲ್ಕೇ ನಿಮಿಷದಲ್ಲಿ ಡಬ್ಬಿಯ ತಳ ಕಂಡಿತು. ಗೊಲ್ಲಾಳಪ್ಪ ಮುಚ್ಚಳವನ್ನೂ ಬಿಡಲಿಲ್ಲ, ವೈನಿ ನೋಡಿದಾಗ ಅಣ್ಣಾರು ಪೂರ್ತಿ ತಿಂದಾರ ಅನ್ನಿಸಬೇಕು ಅನ್ನುವುದು ಅವನ ಕಾಳಜಿ. ಬಸಗೊಂಡಪ್ಪ ಸಂಕಟದಿಂದ ಪಕ್ಕದ ಪಾಲಕ್ ಡಬ್ಬಿಗೆ ಕೈ ಚಾಚಿದ. ಅಷ್ಟರಲ್ಲಿ ಅವನ ಮೇಜಿನ ಮೇಲಿದ್ದ ಪುರವಣಿಯನ್ನು ತಂದು ಓದುತ್ತಿದ್ದ ಶಾಹೀನ ಅವನ ಮಣಿಕಟ್ಟು ಹಿಡಿದಳು.

"ಸರ್, ಪಾಲಕ್ ಮುಂದ ‘ಆಕ್ಸಲೇಟ್ ಬಹಳ ಹೆಚ್ಚು’ ಅಂತ ಐತ್ರಿ. ಪುಂಡಿಕಿಂತ ಜಾಸ್ತಿ. ರಾಜಗಿರಿದೂ ಹಂಗ ಐತಿ. ನೀವು ಇದನ್ನ ಯಾಕ ಬರಿಲಿಲ್ಲ?"

ಕಣ್ಣು ಮಂಜು, ಕಾಣಲಿಲ್ಲ ಅಂದ. ಅವಳು ರಾಜಗಿರಿ ಡಬ್ಬಿಯನ್ನೂ ದೂರ ಸರಿಸಿದಳು. ಅವತ್ತು ಅವನಿಗೆ ಉಳಿದದ್ದು ಎರಡು ಒಣ ರೊಟ್ಟಿ, ಒಂದು ಸೌಟು ಮೊಸರು. ಮದೀನಾಬಿ ಹರಳು ಕರಗಲು ಬೆಳಿಗ್ಗೆ ಸಂಜೆ ಹುರಳಿ ಬೇಯಿಸಿ ಬಸಿದ ಕಟ್ಟು, ನಡುವೆ ಬಾಳೆದಿಂಡಿನ ರಸ ಅಂತ ಹೇಳಿಕೊಟ್ಟಳು. ಶಾಹೀನ ರಟ್ಟಿನ ಮೇಲೆ ಪುಂಡಿಯ ಸಾಲು ಹೊಡೆದುಹಾಕಿ, ಪುರವಣಿಯಲ್ಲಿ ಇದ್ದ ಹಾಗೆ ಕಬ್ಬಿಣ ಇದೆ, ಸಿ ಜೀವಸತ್ವ ಇದೆ, ಹರಳಿದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು ಅಂತ ಕೆಂಪು ಅಕ್ಷರದಲ್ಲಿ ಬರೆದು ಮತ್ತೆ ಗ್ರೂಪಿಗೆ ಹಾಕಿದಳು. ಬಸಗೊಂಡಪ್ಪ ಕೈ ಮುಗಿದು ಕೇಳಿದ್ದು ಒಂದೇ: ಈ ಸುದ್ದಿ ಮನೆಗೆ ಹೋಗಬಾರದು. ಗೊಲ್ಲಾಳಪ್ಪ ಕೂಡಲೇ ಆಣೆ ಮಾಡಿದ. ಮೇಡಂ ಮಾತ್ರ ಮೊಬೈಲ್ ತೆಗೆದುಕೊಂಡು ಒಳಗೆ ಹೋದರು.

ಸಂಜೆ ಹೊರಡುವಾಗ ಮೇಡಂ ಅವನ ಕೈಗೆ ಒಂದು ದೊಡ್ಡ ಚೀಲ ಕೊಟ್ಟರು. ಮದೀನಾಬಿ ಕೊಟ್ಟದ್ದು, ವೈನಿಯವರಿಗೆ ಮುಟ್ಟಿಸಿ ಅಂದರು. ಬಸ್ಸಿನಲ್ಲಿ ಇಣುಕಿ ನೋಡಿದ. ಚೀಲದ ತುಂಬ ಪುಂಡಿ, ಮಾರಾಟವಾಗದೆ ಉಳಿದದ್ದಷ್ಟೂ. ಬಸಗೊಂಡಪ್ಪನ ಮುಖ ಅರಳಿತು. ಆಗಿದ್ದು ಆಯಿತು. ಮನೆಗೆ ಹೋಗಿ ವಿದ್ಯಾವತಿಯ ಎದುರು ಎಲ್ಲ ಹೇಳಿಬಿಡುತ್ತೇನೆ. ಬೈಯುತ್ತಾಳೆ, ಬೈಯಲಿ. ಆಮೇಲೆ ನಗುತ್ತಾಳೆ, ಇಷ್ಟು ಪುಂಡಿ ಇದೆ, ಮಾಡಿಹಾಕುತ್ತಾಳೆ. ಇಬ್ರಾಹಿಂಪುರ ಬರುವತನಕ ಅವನು ಆ ಚೀಲವನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದ.

ಬಾಗಿಲು ತೆರೆದ ವಿದ್ಯಾವತಿಯ ಕಣ್ಣು ಕೆಂಪಾಗಿದ್ದವು. ಚೀಲ ತೆಗೆದುಕೊಂಡಳು, ಅವನನ್ನು ಕುರ್ಚಿಯ ಮೇಲೆ ಕೂಡಿಸಿದಳು, ಒಂದು ದೊಡ್ಡ ಲೋಟ ಹುರಳಿ ಕಟ್ಟು ಕೈಗೆ ಕೊಟ್ಟಳು. ಉಪ್ಪಿಲ್ಲ, ಖಾರವಿಲ್ಲ. ಮೇಡಂ ಫೋನ್ ಮಾಡಿದ್ದರು ಅಂತ ಅವನಿಗೆ ಆಗಲೇ ತಿಳಿಯಿತು.

"ನನಗ ಯಾವ ಹರಳೂ ಇಲ್ಲ, ಸುಳ್ಳ ಹೇಳೇನಿ," ಅಂದ.

"ಹಿಂಗ ಅಂತೀರಿ ಅಂತ ಮೇಡಂ ಮೊದ್ಲ ಹೇಳ್ಯಾರ," ಅಂದಳು ಅವಳು. "ನಾ ನೊಂದ್ಕೋತೀನಿ ಅಂತ ಮುಚ್ಚಿಡ್ತೀರಂತ. ಕುಡೀರಿ ಮೊದ್ಲ."

ಅವನು ಕುಡಿದ. ಕುಡಿದು, ಗಟ್ಟಿ ಮನಸ್ಸು ಮಾಡಿ, ಮಂಡಿಯಿಂದ ಆಕ್ಸಲೇಟಿನತನಕ ಎಲ್ಲ ಬಿಡಿಸಿ ಹೇಳಿದ. ಅವಳು ಕೇಳುತ್ತಲೇ ಇದ್ದಳು, ನಂಬುವ ಲಕ್ಷಣ ಕಾಣಲಿಲ್ಲ. ಪಲ್ಯದ ಆಸೆಗೆ ಐವತ್ತು ವರ್ಷದ ಗಂಡಸು ಇಷ್ಟೆಲ್ಲ ಮಾಡುತ್ತಾನೆಯೇ? ಕೊನೆಗೆ ಬೇರೆ ದಾರಿ ಕಾಣದೆ, ಇಪ್ಪತ್ತು ವರ್ಷ ಬಾಯಿಗೆ ಬಾರದ ಮಾತನ್ನು ಅವನು ಹೊರಗೆ ಹಾಕಿದ.

"ಏ ವಿದ್ಯಾ, ನಿನ್ನ ಕೈ ಪುಂಡಿಪಲ್ಲೆ ಅಂದ್ರ ನನಗ ಜೀವ. ಅಂಥಾ ಪಲ್ಲೆ ಈ ಜಿಲ್ಲೆದಾಗ ಯಾರೂ ಮಾಡಂಗಿಲ್ಲ."

ವಿದ್ಯಾವತಿ ಅವನನ್ನು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಇಷ್ಟ್ ವರ್ಷ ಅನ್ನದವರು ಇವತ್ತ ಅನ್ನಾಕತ್ತೀರಿ ಅಂದ್ರ... ಡಾಕ್ಟ್ರು ಖರೇ ಏನ್ ಹೇಳ್ಯಾರ್ರಿ? ಎಷ್ಟ್ ದೊಡ್ಡವು ಅದಾವ ಹರಳು?"

ಅವಳ ಅಳು ನೋಡಿ ಅವನಿಗೂ ಕಣ್ಣು ತುಂಬಿ ಬಂತು. ತನಗಾಗಿ ಇಷ್ಟು ಅಳುವವಳಿಗೆ ಒಂದು ಒಳ್ಳೆಯ ಮಾತು ಹೇಳಲು ಇಪ್ಪತ್ತು ವರ್ಷ ತೆಗೆದುಕೊಂಡೆನಲ್ಲ ಅಂತ ನಿಜವಾಗಿಯೂ ನೊಂದುಕೊಂಡ. ಅವಳನ್ನು ಸಮಾಧಾನ ಮಾಡಲು, ಸಣ್ಣವು, ಬಹಳ ಸಣ್ಣವು ಅಂದುಬಿಟ್ಟ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅವಳ ಮುಖದಲ್ಲಿ ಜೀವ ಬಂದಿತ್ತು. ಕಣ್ಣು ಒರೆಸಿಕೊಂಡು ಪುಂಡಿ ಸೋಸಲು ಕೂತಳು. ಅವನು ಆಸೆಯಿಂದ, ಇದು ಯಾರಿಗೆ ಅಂತ ಕೇಳಿದ.

ಆಗ ತಿಳಿಯಿತು. ಮೇಡಂ ಫೋನಿನಲ್ಲಿ ಅವನ ಆರೋಗ್ಯವನ್ನಷ್ಟೇ ಮಾತಾಡಿರಲಿಲ್ಲ. ಯಜಮಾನರು ತಿನ್ನಬಾರದು ಅಂತ ನೀವು ಪಲ್ಯ ಮಾಡುವುದನ್ನು ನಿಲ್ಲಿಸಬೇಡಿ, ನಾಳೆಯಿಂದ ನಮ್ಮ ಆಫೀಸಿಗೆ ದಿನವೂ ನಿಮ್ಮದೇ ಬುತ್ತಿ, ಸೋಮವಾರ ಮೆಂತ್ಯ, ಮಂಗಳವಾರ ಸಬ್ಬಸಗಿ, ಬುಧವಾರ ಗುರುವಾರ ಪುಂಡಿ, ತಪ್ಪಲು ಮದೀನಾಬಿ ಕೊಡುತ್ತಾಳೆ ಅಂದಿದ್ದರು. ಇಷ್ಟು ವರ್ಷದ ಆಸೆ ಒಂದೇ ಫೋನಿನಲ್ಲಿ ಕೈಗೂಡಿತ್ತು. ಹೇಳುವಾಗ ಅವಳ ಕೆಂಪು ಕಣ್ಣು ಹೊಳೆಯುತ್ತಿದ್ದವು. ಬಸಗೊಂಡಪ್ಪ ಅವಳ ಪಕ್ಕ ಕೂತು ತಾನೂ ಪುಂಡಿ ಸೋಸತೊಡಗಿದ.

ಗುರುವಾರ ಬೆಳಿಗ್ಗೆ ಟಿಕೋಟಾ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಹತ್ತು ಜನರಿಗಾಗುವಷ್ಟು ಪುಂಡಿಪಲ್ಯದ ದೊಡ್ಡ ಡಬ್ಬಿ, ಬಗಲಿನಲ್ಲಿ ಹುರಳಿ ಕಟ್ಟಿನ ಬಾಟಲಿ. ಡಬ್ಬಿಯ ಮುಚ್ಚಳಕ್ಕೆ ವಿದ್ಯಾವತಿ ಬಟ್ಟೆ ಸುತ್ತಿ, ಮೂರು ಗಂಟು ಹಾಕಿ, ಗಂಟಿನ ಮೇಲೆ ಹೊಲಿಗೆ ಹಾಕಿದ್ದಳು. ಆದರೂ ಘಮ ಹೊರಗೆ ಬರುತ್ತಿತ್ತು. ಪಕ್ಕದವನು ಮೂಗೆಳೆದು, ಪುಂಡಿಪಲ್ಯ ಏನ್ರಿ, ನಿಮ್ಮ ನಸೀಬು ಚಲೋ ಐತಿ ಅಂದ. ಬಸಗೊಂಡಪ್ಪ ಹೌದು ಅಂದು ಕಿಟಕಿಯ ಹೊರಗೆ ನೋಡಿದ.

ಟಿಕೋಟಾದಲ್ಲಿ ಬಸ್ಸು ನಿಲ್ಲುವ ಮೊದಲೇ ಗೊಲ್ಲಾಳಪ್ಪ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ನಿಂತಿದ್ದ.

"ಮೊದ್ಲ ಡಬ್ಬಿ ಕೊಡ್ರಿ ಅಣ್ಣಾರ," ಅಂದ. "ಹರಳಿನ ಮನುಷ್ಯಾರು ನೀವು, ಭಾರ ಎತ್ತಬಾರ್ದು."